ಅಳತೆಗೆ 9, ಸಂಪರ್ಕಕ್ಕೆ 5: ಮೈಸೂರು–ಮಂಡ್ಯ ಕಡೆಯ ಮನೆಗೆ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ಹೇಗೆ?

ಸ್ಮಾರ್ಟ್ ಮೀಟರ್ ಅಂದರೆ ಸಾಕು, ಮೊದಲು ಕೇಳಿಬರುವ ಮಾತು "ಅದು ಜೋರಾಗಿ ಓಡುತ್ತೆ ಕಣ್ರೀ" ಅಂತ. ಈ ಮಾತಿನಲ್ಲಿ ಹುರುಳು ಕಡಿಮೆ. ಯೂನಿಟ್ ಎಣಿಸುವ ಕೆಲಸವನ್ನು ಈ ಮೀಟರ್ ಅಚ್ಚುಕಟ್ಟಾಗಿ ಮಾಡುತ್ತದೆ. ಎಣಿಸಿದ್ದನ್ನು ವಿದ್ಯುತ್ ಕಂಪನಿಯ ಸರ್ವರಿಗೆ ಮುಟ್ಟಿಸುವಾಗ, ಸರ್ವರ್ ಹೇಳಿದ್ದನ್ನು ಕೇಳಿಸಿಕೊಳ್ಳುವಾಗ ಎಡವುತ್ತದೆ. ತಿಂಗಳ ಕೊನೆಗೆ ಬಿಲ್ ಬರುವ ಮನೆಯಲ್ಲಿ ಈ ಎಡವಟ್ಟು ಯಾರ ಗಮನಕ್ಕೂ ಬರುವುದಿಲ್ಲ. ಎರಡು ದಿನ ತಡವಾಗಿ ರೀಡಿಂಗ್ ಹೋದರೂ ನಡೆಯುತ್ತದೆ. ಪ್ರಿಪೇಯ್ಡ್ ಮನೆಯಲ್ಲಿ ಅದೇ ಎಡವಟ್ಟಾದರೆ ದುಡ್ಡು ಕಟ್ಟಿಯೂ ಕತ್ತಲಲ್ಲಿ ಕೂರಬೇಕು. ಆದ್ದರಿಂದ ಅಳತೆಗೆ ಹತ್ತಕ್ಕೆ 9, ಸಂಪರ್ಕಕ್ಕೆ 5 ಕೊಟ್ಟಿದ್ದೇವೆ. ಆ 5 ಅನ್ನು 8ಕ್ಕೆ ಏರಿಸುವುದು ಕಷ್ಟದ ಕೆಲಸವೇನಲ್ಲ, ಬೇಕಾದ ತಂತ್ರಜ್ಞಾನ ಆಗಲೇ ಇದೆ.

ಇಲ್ಲಿ ನೋಡುತ್ತಿರುವುದು ಮನೆಗಳಿಗೆ ಹಾಕುವ ಸಿಂಗಲ್ ಫೇಸ್ ಮೀಟರನ್ನು. ಐಎಸ್ 16444 ಎಂಬ ಭಾರತೀಯ ಮಾನಕಕ್ಕೆ ತಕ್ಕಂತೆ ತಯಾರಾದ, ಐಎಸ್ 15959ರ ಪ್ರಕಾರ ಮಾಹಿತಿ ಕಳಿಸುವ ಮೀಟರ್ ಇದು. ಡಬ್ಬಿಯ ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ಏರ್ಪಾಟು ಹೆಚ್ಚುಕಡಿಮೆ ಒಂದೇ: ಅಳೆಯುವ ಚಿಪ್, ಲೈನ್ ಕಡಿಯುವ ರಿಲೇ, ಗಡಿಯಾರಕ್ಕೊಂದು ಸಣ್ಣ ಬ್ಯಾಟರಿ, ಜೊತೆಗೆ ಸಿಮ್ ಅಥವಾ ರೇಡಿಯೊ ಇರುವ ಸಂಪರ್ಕದ ಭಾಗ. ಹಳೆಯ ಎಲೆಕ್ಟ್ರಾನಿಕ್ ಮೀಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು, ಇದು 5 ಸಾವಿರದ ಹತ್ತಿರ. ಹೆಚ್ಚಿಗೆ ಕೊಡುವ ದುಡ್ಡು ಹೋಗುವುದು ಸಂಪರ್ಕಕ್ಕೆ ಮತ್ತು ರಿಲೇಗೆ ತಾನೆ? ಹಾಗಾದರೆ ಆ ಎರಡನ್ನೇ ನಿಕಷಕ್ಕೆ ಒಡ್ಡಬೇಕು.

ಮೈಸೂರಿಗೆ ಇದು ಹೊಸ ಸಂಗತಿಯೂ ಅಲ್ಲ. ದೇಶದಲ್ಲಿ ಮೊದಲು ಕೈಗೆತ್ತಿಕೊಂಡ 14 ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಗಳಲ್ಲಿ ಒಂದು ಈ ಕಡೆಯ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನದು; ಇದೇ ನಗರದ ಸುಮಾರು 21 ಸಾವಿರ ಗ್ರಾಹಕರು ಅದರ ವ್ಯಾಪ್ತಿಯಲ್ಲಿದ್ದರು.

ಅಳತೆ: ದೂರುವ ಮೊದಲು ನ್ಯೂಟ್ರಲ್ ನೋಡಿ

ಈ ಮೀಟರುಗಳು ಕ್ಲಾಸ್ 1 ದರ್ಜೆಯವು. ಅಂದರೆ ಮಾಮೂಲಿ ಲೋಡಿನಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಹೆಚ್ಚುಕಡಿಮೆಗೆ ಅವಕಾಶ. ದೊಡ್ಡ ತಪ್ಪಿದ್ದರೆ ಮನೆಯಲ್ಲೇ ಪತ್ತೆ ಹಚ್ಚಬಹುದು. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, 3200 ಸಾಮಾನ್ಯ. ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜು, ಯುಪಿಎಸ್ ಎರಡರ ಪ್ಲಗ್ಗನ್ನೂ ತೆಗೆದು, 2000 ವಾಟ್‌ನ ಗೀಸರ್ ಒಂದನ್ನೇ ಹಾಕಿ. ಕೆಂಪು ದೀಪ 32 ಸಲ ಮಿನುಗಿದರೆ ಯೂನಿಟ್ಟಿನ ನೂರನೇ ಒಂದು ಭಾಗ ಖರ್ಚಾಗಿದೆ ಎಂದರ್ಥ. 230 ವೋಲ್ಟ್ ಇದ್ದರೆ ಅದಕ್ಕೆ 18 ಸೆಕೆಂಡ್ ಬೇಕು. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 210ಕ್ಕೆ ಇಳಿದಿದ್ದರೆ ಗೀಸರೇ ಕಡಿಮೆ ಎಳೆಯುತ್ತದೆ, 21–22 ಸೆಕೆಂಡ್ ಹಿಡಿಯುತ್ತದೆ. ಗುಂಡಿ ಒತ್ತುತ್ತಾ ಹೋದರೆ ವೋಲ್ಟೇಜನ್ನು ಮೀಟರೇ ತೋರಿಸುತ್ತದೆ. 12 ಸೆಕೆಂಡಿಗೇ 32 ಮುಗಿದರೆ ಗಾಬರಿಪಡಿ. 17ಕ್ಕೋ 19ಕ್ಕೋ ಮುಗಿದರೆ ಮೀಟರಿನದು ತಪ್ಪಿಲ್ಲ. ಗೀಸರಿನ ಮೇಲೆ ಬರೆದ ವಾಟ್ ಕೂಡ ಕರಾರುವಾಕ್ಕೇನಲ್ಲ, ಆದ್ದರಿಂದ ಇದಕ್ಕಿಂತ ಸೂಕ್ಷ್ಮವಾಗಿ ಈ ಲೆಕ್ಕವನ್ನು ಎಳೆಯಬಾರದು.

ಹಾಗಾದರೆ ಮೀಟರ್ ಬದಲಾದ ಮೇಲೆ ಕೆಲವು ಮನೆಗಳಲ್ಲಿ ಯೂನಿಟ್ ಏರುವುದು ಸುಳ್ಳೇ? ಸುಳ್ಳಲ್ಲ. ಕಾರಣ ಬಹಳ ಸಲ ಮನೆಯ ವೈರಿಂಗಿನಲ್ಲಿರುತ್ತದೆ. ಈ ಮೀಟರ್ ಫೇಸಿನಲ್ಲಿ ಹೋಗುವ ಕರೆಂಟನ್ನೂ ನ್ಯೂಟ್ರಲಿನಲ್ಲಿ ವಾಪಸು ಬರುವ ಕರೆಂಟನ್ನೂ ಬೇರೆಬೇರೆಯಾಗಿ ಅಳೆದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಲೆಕ್ಕ ಹಾಕುತ್ತದೆ. ಕಳ್ಳತನ ತಡೆಯಲು ಮಾಡಿದ ಏರ್ಪಾಟು ಇದು. ಈಗ ಕೆಳಮನೆಗೊಂದು, ಮೇಲ್ಮನೆಗೊಂದು ಮೀಟರ್ ಇರುವ ಕಟ್ಟಡವನ್ನು ನೋಡಿ. ಮೀಟರ್ ದಾಟಿದ ಮೇಲೆ ಎಲ್ಲೋ ಒಂದು ಜಂಕ್ಷನ್ ಬಾಕ್ಸಿನಲ್ಲಿ ಎರಡು ಮನೆಯ ನ್ಯೂಟ್ರಲ್ ಕೂಡಿಕೊಂಡಿವೆ ಅಂತಿಟ್ಟುಕೊಳ್ಳಿ. ಕೆಳಗಿನವರು 10 ಆಂಪಿಯರ್ ಎಳೆಯುತ್ತಾರೆ, ಮೇಲ್ಮನೆ ಖಾಲಿ. ಕೆಳಗಿನ ಮೀಟರಿನ ಫೇಸಿನಲ್ಲಿ 10 ಹೋಗುತ್ತದೆ, ವಾಪಸು ಬರುವಾಗ 5 ಇಲ್ಲಿಂದ, 5 ಮೇಲ್ಮನೆಯ ನ್ಯೂಟ್ರಲಿನಿಂದ. ಕೆಳಗಿನ ಮೀಟರ್ 10ಕ್ಕೇ ಲೆಕ್ಕ ಹಾಕುತ್ತದೆ, ಅದು ಸರಿ. ಮೇಲಿನ ಮೀಟರ್ ಫೇಸಿನಲ್ಲಿ ಸೊನ್ನೆ, ನ್ಯೂಟ್ರಲಿನಲ್ಲಿ 5 ಕಂಡು 5ಕ್ಕೆ ಲೆಕ್ಕ ಹಾಕುತ್ತದೆ. ಬೀಗ ಹಾಕಿದ ಮನೆಯ ಬ್ಯಾಲೆನ್ಸು ಗಂಟೆಗೆ ಒಂದು ಯೂನಿಟ್ಟಿಗಿಂತ ಹೆಚ್ಚು ಕರಗುತ್ತದೆ! ಹಳೆಯ ಚಕ್ರದ ಮೀಟರ್ ಫೇಸನ್ನು ಮಾತ್ರ ನೋಡುತ್ತಿದ್ದರಿಂದ ಈ ತಪ್ಪು ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿರುತ್ತದೆ.

ಇದನ್ನು ಹಿಡಿಯುವುದು ಸುಲಭ. ಮೇಲ್ಮನೆಯ ಎಲ್ಲ ಎಂಸಿಬಿ ಆರಿಸಿ. ಮೀಟರಿನ ದೀಪ ಇನ್ನೂ ಮಿನುಗುತ್ತಿದ್ದರೆ, ಅಥವಾ ಅರ್ಥ್ ಲೋಡ್ (ಹೋದ ಕರೆಂಟಿಗೂ ವಾಪಸು ಬಂದದ್ದಕ್ಕೂ ತಾಳೆಯಾಗದ ಸ್ಥಿತಿ) ಸೂಚಿಸುವ ಗುರುತು ಉರಿಯುತ್ತಿದ್ದರೆ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಮೇನ್ ಆರಿಸಿ. ಆಗ ನಿಂತರೆ ನ್ಯೂಟ್ರಲ್ ಬೆರೆತಿರುವುದು ಖಾತ್ರಿ. ಮಾಮೂಲಿ ಎಂಸಿಬಿ ಫೇಸನ್ನಷ್ಟೇ ಕಡಿಯುವುದರಿಂದ ಮೊದಲ ಹೆಜ್ಜೆಯಲ್ಲಿ ದೀಪ ನಿಲ್ಲುವುದಿಲ್ಲ. ಬೆರಕೆಯಾಗುವ ಜಾಗ ಹೆಚ್ಚಾಗಿ ಯುಪಿಎಸ್ ಲೈನ್. ಒಂದೇ ಯುಪಿಎಸ್‌ನಿಂದ ಎರಡು ಮಹಡಿಗೆ ದೀಪ ಎಳೆದ ಮನೆಗಳಲ್ಲಿ ಮೊದಲು ಅಲ್ಲೇ ಹುಡುಕಬೇಕು. "ಆರ್‌ಸಿಸಿಬಿ ಹಾಕಿದ್ರೆ ಸುಮ್ಸುಮ್ನೆ ಬೀಳುತ್ತೆ" ಅಂತ, ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ ಲೈನ್ ಕಡಿಯುವ ಆ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕಿತ್ತುಹಾಕಿದ ಮನೆಯಾದರೆ ಅನುಮಾನವೇ ಬೇಡ. ಅದು ಸುಮ್ಮನೆ ಬೀಳುತ್ತಿರಲಿಲ್ಲ.

ಇನ್ನೊಂದು ಸಣ್ಣ ಕಾರಣ, ಆರಿಸದೆ ಬಿಟ್ಟ ಸೆಟ್‌ಟಾಪ್ ಬಾಕ್ಸಿನಂಥವು. 10 ವಾಟ್ ಎಳೆಯುವ ಡಬ್ಬಿ ಹಗಲೂ ರಾತ್ರಿ ಇದ್ದರೆ ತಿಂಗಳಿಗೆ 7 ಯೂನಿಟ್ ದಾಟುತ್ತದೆ.

ಕರೆಂಟ್ ಕಡಿಯುವ ರಿಲೇ

ಬ್ಯಾಲೆನ್ಸ್ ಮುಗಿದಾಗ ಲೈನ್ ಕಡಿಯುವ ರಿಲೇಯೇ ಲೋಡ್ ಮಿತಿ ಮೀರಿದಾಗಲೂ ಕಡಿಯುತ್ತದೆ. ಜನ ಎಡವುವುದು ಇಲ್ಲಿ. ಮೈಸೂರಿನ ಹಳೇ ಬಡಾವಣೆಗಳಲ್ಲಿ, ಅಗ್ರಹಾರ, ದೇವರಾಜ ಮೊಹಲ್ಲಾ ಕಡೆ, ಮಂಜೂರಾದ ಲೋಡ್ 1 ಕಿಲೋವಾಟ್ ಇದ್ದು, ಮನೆಯಲ್ಲಿ 2 ಕಿಲೋವಾಟ್ ಗೀಸರ್, ಒಂದು ಎಚ್‌ಪಿ ಮೋಟಾರ್ ಇರುವುದು ಮಾಮೂಲು. ಲೋಡ್ ಮಿತಿಯನ್ನು ಜಾರಿಗೆ ತಂದ ಮೀಟರಿನಲ್ಲಿ ಬೆಳಗ್ಗೆ ಗೀಸರ್, ಮೋಟಾರ್ ಎರಡೂ ಓಡಿದರೆ ರಿಲೇ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಲೋಡ್ ಹಾಗೇ ಇದ್ದರೆ ಕೆಲವು ಸಲ ಪ್ರಯತ್ನಿಸಿ ಬೀಗ ಬಿದ್ದಂತೆ ನಿಂತುಬಿಡುತ್ತದೆ. ಮನೆಯವರು ಬ್ಯಾಲೆನ್ಸ್ ಮುಗಿದಿರಬೇಕು ಅಂದುಕೊಂಡು ರೀಚಾರ್ಜ್ ಮೇಲೆ ರೀಚಾರ್ಜ್ ಮಾಡುತ್ತಾರೆ. ದಿನಕ್ಕೊಂದೇ ಹೊತ್ತಿಗೆ ಕರೆಂಟ್ ಹೋಗುತ್ತಿದೆ, ಹತ್ತಾರು ನಿಮಿಷಕ್ಕೆ ಬರುತ್ತಿದೆ ಎಂದರೆ ಅದು ಲೋಡಿನ ಸಮಸ್ಯೆ. ಮೀಟರಿನ ಪರದೆಯಲ್ಲಿ ಗರಿಷ್ಠ ಬೇಡಿಕೆ ಎಂದು ಕಿಲೋವಾಟ್‌ನಲ್ಲಿ ಒಂದು ಅಂಕಿ ಬರುತ್ತದೆ, ಅದನ್ನು ಮಂಜೂರಾದ ಲೋಡಿನ ಜೊತೆ ತಾಳೆ ನೋಡಿ.

ಲೋಡ್ ಏರಿಸಿಕೊಂಡರೆ ನಿಗದಿತ ಶುಲ್ಕ ಏರುತ್ತದೆ. 2025–26ರ ದರದಂತೆ ಗೃಹಬಳಕೆಗೆ ಕಿಲೋವಾಟ್‌ಗೆ ತಿಂಗಳಿಗೆ 145 ರೂ. ಇತ್ತು. ಮೂರು ಕಿಲೋವಾಟ್‌ಗೆ 435, ದಿನಕ್ಕೆ ಹಂಚಿದರೆ 14 ರೂ. 50 ಪೈಸೆ. ದಿನದ ಲೆಕ್ಕದಲ್ಲಿ ಕಳೆಯುವ ಪ್ರಿಪೇಯ್ಡ್ ವ್ಯವಸ್ಥೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇದು ಕರಗುತ್ತಲೇ ಇರುತ್ತದೆ. ಹತ್ತು ದಿನ ಹೊರಗಿರುವವರು ಫ್ರಿಜ್ಜಿನ ಖರ್ಚಿನ ಜೊತೆಗೆ 150 ರೂಪಾಯಿ ಹೆಚ್ಚಿಗೆ ಇಟ್ಟು ಹೋಗಬೇಕು. ಗ್ರಾಹಕರ ಪರ ಒಂದು ಅನುಕೂಲವೂ ಇದೆ: ಕೇಂದ್ರದ ವಿದ್ಯುತ್ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿಯಂತೆ, ಸ್ಮಾರ್ಟ್ ಮೀಟರ್ ಹಾಕಿದ ಮೇಲೆ ಕಂಡ ಗರಿಷ್ಠ ಬೇಡಿಕೆಯನ್ನು ತೋರಿಸಿ ಹಿಂದಿನ ಅವಧಿಗೆ ದಂಡ ಹಾಕುವ ಹಾಗಿಲ್ಲ. ಒಂದು ಹಣಕಾಸು ವರ್ಷದಲ್ಲಿ ಕಡೇಪಕ್ಷ ಮೂರು ಸಲ ಮಿತಿ ಮೀರಿದ್ದರೆ ಮಾತ್ರ ಲೋಡ್ ಏರಿಸಬಹುದು.

ರೀಚಾರ್ಜ್ ಆದ ಮೇಲೂ ಕರೆಂಟ್ ಬರಲಿಲ್ಲ ಎಂದರೆ ಮೀಟರಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ನೋಡಿ. ರಿಲೇಗೆ ಮೂರು ಸ್ಥಿತಿಗಳಿವೆ: ಕಡಿದಿದೆ, ಕೂಡಿದೆ, ಕೂಡಲು ತಯಾರಿದೆ. ಮೂರನೆಯ ಸ್ಥಿತಿಯಲ್ಲಿ ಸರ್ವರ್ ಒಪ್ಪಿಗೆ ಕೊಟ್ಟಿರುತ್ತದೆ, ಕೂಡಿಸುವ ಕೆಲಸ ಮನೆಯವರಿಗೆ ಬಿಟ್ಟಿದ್ದು. ಯಾರೂ ಇಲ್ಲದ ಮನೆಯಲ್ಲಿ ಆರಿಸದೆ ಬಿಟ್ಟ ಇಸ್ತ್ರಿಪೆಟ್ಟಿಗೆ ತಾನಾಗಿ ಕಾಯದಿರಲಿ ಅಂತ ಹೀಗೆ ಮಾಡಿದ್ದಾರೆ, ಒಳ್ಳೆಯ ಯೋಚನೆ. ಆದರೆ ಇದನ್ನು ಗ್ರಾಹಕರಿಗೆ ಹೇಳಿಕೊಡುವವರಿಲ್ಲ. ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಸಾಲಿನ ಸ್ಟಿಕ್ಕರ್ ಅಂಟಿಸಿದ್ದರೂ ವಿದ್ಯುತ್ ಸಹಾಯವಾಣಿ 1912ಕ್ಕೆ ಹೋಗುವ ಎಷ್ಟೋ ಕರೆ ಉಳಿಯುತ್ತಿತ್ತು.

ಸಂಪರ್ಕ: ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಫೋನಿನಲ್ಲಿ 500 ರೂಪಾಯಿ ಹಾಕಿದಾಗ ಆಗುವುದು ಇಷ್ಟು. ಯುಪಿಐ ಮೂಲಕ ದುಡ್ಡು ಬಿಲ್ಲಿಂಗ್ ವ್ಯವಸ್ಥೆಗೆ ಮುಟ್ಟುತ್ತದೆ. ಅದು ಆರ್‌ಆರ್ ನಂಬರಿನ (ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆಯ) ಖಾತೆಗೆ ಜಮಾ ಮಾಡಿ, ಮೀಟರಿನ ಮಾಹಿತಿ ನಿರ್ವಹಿಸುವ ಸರ್ವರಿಗೆ ಹೇಳುತ್ತದೆ. ಅಲ್ಲಿಂದ, ಮೀಟರುಗಳ ಜೊತೆ ನೇರ ಮಾತಾಡುವ ಇನ್ನೊಂದು ಸರ್ವರಿಗೆ. ಅಲ್ಲಿಂದ ಮೊಬೈಲ್ ನೆಟ್‌ವರ್ಕಿಗೆ, ಕೊನೆಗೆ ಮೀಟರಿಗೆ. ಇಲ್ಲಿ ಬಹುತೇಕ ಕಡೆ ಬ್ಯಾಲೆನ್ಸ್ ಇರುವುದು ಸರ್ವರಿನಲ್ಲಿ. ಮೀಟರಿಗೆ ಗೊತ್ತಿರುವುದು "ಕಡಿ", "ಕೂಡಿಸು" ಎಂಬ ಎರಡೇ ಮಾತು. ಫೋನಿನಲ್ಲಿ "ಯಶಸ್ವಿ" ಅಂತ ಹಸಿರು ಗುರುತು ಬರುವುದು ಮೊದಲ ಹೆಜ್ಜೆಗೆ ಮಾತ್ರ. ಕೊನೆಯ ಹೆಜ್ಜೆಯ ಬಗ್ಗೆ ಆಪ್ ಬಾಯಿ ಬಿಡುವುದಿಲ್ಲ, ನಮ್ಮ ಅಸಮಾಧಾನದಲ್ಲಿ ಅರ್ಧ ಪಾಲು ಇದರ ಮೇಲೆಯೇ.

ಆ ಕೊನೆಯ ಹೆಜ್ಜೆ ಎರಡು ರೀತಿ ಇರಬಹುದು. ಒಂದು, ಪ್ರತಿ ಮೀಟರಿಗೂ ಒಂದು ಸಿಮ್. ಇನ್ನೊಂದು, ಮೀಟರಿನಿಂದ ಮೀಟರಿಗೆ ಜಿಗಿಯುತ್ತಾ ಕಂಬದ ಮೇಲಿನ ಡಬ್ಬಿಗೆ ತಲುಪುವ ಆರ್‌ಎಫ್ ಮೆಶ್. ನಮ್ಮ ದೇಶದಲ್ಲಿ ಈ ರೇಡಿಯೊ ಜಾಲ 865 ಮೆಗಾಹರ್ಟ್ಸ್ ಆಸುಪಾಸಿನ ಲೈಸೆನ್ಸ್ ಬೇಡದ ತರಂಗ ಬಳಸುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಎಲ್ಲ ಮೀಟರನ್ನೂ ಒಟ್ಟಿಗೆ ಬದಲಿಸಿದರೆ ಮೆಶ್ ಚೆನ್ನ. ಹೊಸ ಸಂಪರ್ಕಗಳಿಗೆ ಮಾತ್ರ ಸ್ಮಾರ್ಟ್ ಮೀಟರ್ ಹಾಕುತ್ತಾ ಹೋದರೆ ಬೋಗಾದಿಯಲ್ಲೊಂದು, ಅದರ ನಾಲ್ಕು ಬೀದಿ ಆಚೆ ಇನ್ನೊಂದು ಅನ್ನುವಂತಾಗುತ್ತದೆ, ಜಿಗಿಯಲು ಪಕ್ಕದಲ್ಲಿ ಇನ್ನೊಂದು ಮೀಟರೇ ಇರುವುದಿಲ್ಲ. ಅಂಥ ಕಡೆ ಸಿಮ್ ಬಿಟ್ಟರೆ ದಾರಿಯಿಲ್ಲ.

ಸಿಮ್‌ನಲ್ಲೂ ತರತಮ ಇದೆ. ಸಣ್ಣ ಯಂತ್ರಗಳಿಗೆಂದು ಮಾಡಿದ 4ಜಿ ಬಗೆಯಾದ ಕ್ಯಾಟ್-1 ಬಿಸ್ ಮಾಡ್ಯೂಲಿಗೆ (ಸಂಪರ್ಕದ ಭಾಗಕ್ಕೆ) ಒಂದೇ ಆಂಟೆನಾ ಸಾಕು, ನಮ್ಮ ಮೊಬೈಲ್ ಸಿಗುವ ಕಡೆಯೆಲ್ಲ ಹೆಚ್ಚುಕಡಿಮೆ ಇದೂ ಸಿಗುತ್ತದೆ. ಯಂತ್ರಗಳ ಸಂಪರ್ಕಕ್ಕೆಂದೇ ಇರುವ ಇನ್ನೊಂದು ಬಗೆಯಾದ ಎನ್‌ಬಿ-ಐಒಟಿ ಕೇವಲ 180 ಕಿಲೋಹರ್ಟ್ಸ್ ಅಗಲದ ಕಿರಿದಾದ ದಾರಿ ಬಳಸುತ್ತದೆ; ಹಳೆಯ 2ಜಿಗಿಂತ ಸುಮಾರು 20 ಡೆಸಿಬೆಲ್ ಹೆಚ್ಚು ತಡೆಯನ್ನು ದಾಟುವಂತೆ ವಿನ್ಯಾಸ ಮಾಡಿದ್ದು. ನೆಲಮಾಳಿಗೆಗೆ, ದಪ್ಪ ಗೋಡೆಗೆ ಅದು ಒಳ್ಳೆಯದು. ಆದರೆ ನಿಧಾನ, ಜೊತೆಗೆ ಆ ಟವರಿನಲ್ಲಿ ಆ ಸೇವೆ ಚಾಲೂ ಇರಬೇಕು.

ಮೀಟರ್ ಹಾಕಿಸುವ ಮೊದಲು ನೋಡಬೇಕಾದ್ದು ಒಂದೇ ಅಂಕಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ, ಅದರೊಳಗೆ ಸಿಮ್ ಸ್ಥಿತಿ ತೆರೆದರೆ ಸಿಗ್ನಲ್ಲಿನ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಅಂಕಿ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಚೆನ್ನ. ಫೋನನ್ನು ಮೀಟರ್ ಬಾಕ್ಸಿನ ಒಳಗಿಟ್ಟು ಬಾಗಿಲು ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆದ ಕೂಡಲೇ ನೋಡಿ. ಸ್ಕ್ರೀನ್ ರೆಕಾರ್ಡ್ ಹಾಕಿಟ್ಟರೆ ಇನ್ನೂ ನಿಖರ. ಮೈನಸ್ 95ರ ಒಳಗಿದ್ದರೆ ಚಿಂತೆಯಿಲ್ಲ. 95ರಿಂದ 105ರವರೆಗೆ ನಡೆಯುತ್ತದೆ. 110 ದಾಟಿದರೆ ಮೀಟರ್ ಕೆಲವು ಹೊತ್ತು ಮಾತಾಡುತ್ತದೆ, ಕೆಲವು ಹೊತ್ತು ಇಲ್ಲ. ನಿಮ್ಮ ಫೋನಿನ ಕಂಪನಿಯೂ ಮೀಟರ್ ಸಿಮ್ಮಿನ ಕಂಪನಿಯೂ ಬೇರೆಯಾಗಿರಬಹುದು, ಆದ್ದರಿಂದ ಮನೆಯಲ್ಲಿರುವ ಬೇರೆಬೇರೆ ಸಿಮ್‌ಗಳಲ್ಲೂ ನೋಡಿಕೊಳ್ಳಿ.

ತಗಡಿನ ಬಾಕ್ಸೇ ದೊಡ್ಡ ಶತ್ರು. ಕಬ್ಬಿಣದ ತಗಡು ರೇಡಿಯೊ ಅಲೆಯನ್ನು ತಡೆಯುತ್ತದೆ. ಗಾಜಿನ ಸಣ್ಣ ಕಿಟಕಿಯಿಂದ ನುಸುಳಿದ್ದಷ್ಟೇ ಗತಿ. ಪಾಲಿಕಾರ್ಬೊನೇಟ್ ಬಾಕ್ಸ್ ಹಾಕಿದರೆ ಈ ತೊಂದರೆಯೇ ಇಲ್ಲ. ಮನೆ ಕಟ್ಟುವವರು ಎಲಿವೇಶನ್ ಅಂದ ಕೆಡುತ್ತದೆ ಅಂತ ಮೀಟರನ್ನು ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ಸ್ಟೀಲ್ ಕಪಾಟಿನೊಳಗೆ ತುರುಕುತ್ತಾರೆ. ಅಂದ ಉಳಿಯುತ್ತದೆ, ಸಿಗ್ನಲ್ ಹೋಗುತ್ತದೆ. ರಸ್ತೆ ಕಡೆ ಮುಖಮಾಡಿದ ಗೋಡೆ, ಕಣ್ಣಿನ ಎತ್ತರ, ಮಳೆನೀರು ಬೀಳದ ಸಜ್ಜೆ, ಇಷ್ಟು ಸಾಕು.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪ್ಯಾನೆಲ್ ರೂಮಿನಲ್ಲಿ ಹೊರಗಿನ ಆಂಟೆನಾ ಬೇಕೇಬೇಕು. ಗುತ್ತಿಗೆದಾರರು ಆಂಟೆನಾಗೆ ತೆಳ್ಳನೆಯ ಆರ್‌ಜಿ-174 ವೈರನ್ನು ಹತ್ತು ಮೀಟರ್ ಎಳೆದು ಕೆಲಸ ಮುಗಿಸುತ್ತಾರೆ. ಆ ವೈರು ಒಂದು ಮೀಟರ್ ಉದ್ದಕ್ಕೆ ಒಂದು ಡೆಸಿಬೆಲ್‌ನಷ್ಟು ನುಂಗುತ್ತದೆ, ಮೇಲಿನ ತರಂಗದಲ್ಲಿ ಇನ್ನೂ ಹೆಚ್ಚು. ಹತ್ತು ಮೀಟರಿಗೆ ಹತ್ತು ಡೆಸಿಬೆಲ್ ಹೋಯಿತೆಂದರೆ ಮೇಲೆ ಸಿಕ್ಕ ಸಿಗ್ನಲ್ಲಿನಲ್ಲಿ ಹತ್ತನೇ ಒಂದು ಭಾಗ ಮಾತ್ರ ಕೆಳಗೆ ಇಳಿಯುತ್ತದೆ. ಮೂರು ಮೀಟರ್ ದಾಟಿದರೆ ಆರ್‌ಜಿ-58 ಅಥವಾ ಅದಕ್ಕಿಂತ ದಪ್ಪನೆಯದೇ ಇರಲಿ.

ಮಂಡ್ಯ ಕಡೆ ಇನ್ನೊಂದು ವಿಚಿತ್ರ. ಪಾಂಡವಪುರದ ಸುತ್ತ ನಾಲೆ ಬಯಲಿನ ತೋಟದ ಮನೆಗಳಲ್ಲಿ ಕಬ್ಬು ಕಡಿದ ಹೊಸದರಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ. ಪೈರು ಆಳೆತ್ತರ ದಾಟಿದ ಮೇಲೆ ಅದೇ ಮೀಟರ್ ಮೌನವಾಗುತ್ತದೆ. ನೀರು ತುಂಬಿದ ಹಸಿರು ಗರಿ ರೇಡಿಯೊ ಅಲೆಯನ್ನು ಹೀರುತ್ತದೆ, ಮಳೆ ನಿಂತ ಮೇಲಂತೂ ಇನ್ನೂ ಹೆಚ್ಚು. ಅಲ್ಲಿ ಪರೀಕ್ಷೆಯನ್ನು ಕಬ್ಬು ಎದ್ದು ನಿಂತ ಕಾಲದಲ್ಲಿ ಮಾಡಬೇಕು, ಇಲ್ಲವೇ ಆಂಟೆನಾವನ್ನು ಸೂರಿನ ಮೇಲಕ್ಕೆ ಒಯ್ಯಬೇಕು. ಮೈಸೂರಿನಲ್ಲಿ ಇಂಥದ್ದೇ ಕಾಟ ದಸರೆಯಲ್ಲಿ: ಜನಸಾಗರ ಸೇರಿದ ಕಡೆ ಟವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಮಳಿಗೆಗೆ ಪ್ರಿಪೇಯ್ಡ್ ತಾತ್ಕಾಲಿಕ ಸಂಪರ್ಕ ಪಡೆದವರು ಬ್ಯಾಲೆನ್ಸನ್ನು ಜನ ಸೇರುವ ಮೊದಲೇ ತುಂಬಿಸಿಕೊಳ್ಳಬೇಕು, ಸಂಜೆ ಏಳಕ್ಕೆ ಅಲ್ಲ.

ಸಿಗ್ನಲ್ ಇದೆ, ಮಾತಿಲ್ಲ ಅನ್ನುವ ಕೇಸೂ ಉಂಟು. ಮಾಡ್ಯೂಲ್ ನೆಟ್‌ವರ್ಕಿಗೆ ಅಂಟಿಕೊಂಡಿರುತ್ತದೆ, ಡೇಟಾ ದಾರಿ ಮಾತ್ರ ಕಡಿದುಹೋಗಿರುತ್ತದೆ, ಅದಕ್ಕೇ ಅದು ತಿಳಿದಿರುವುದಿಲ್ಲ. ಒಳ್ಳೆಯ ಫರ್ಮ್‌ವೇರ್ (ಮೀಟರಿನೊಳಗಿನ ತಂತ್ರಾಂಶ) ಆಗಾಗ ಸರ್ವರನ್ನು ಕರೆದು ನೋಡುತ್ತದೆ, ಉತ್ತರ ಬಾರದಿದ್ದರೆ ಮಾಡ್ಯೂಲನ್ನು ಮಾತ್ರ ತಾನೇ ಆರಿಸಿ ಹೊತ್ತಿಸುತ್ತದೆ. ಇನ್ನು ಕೆಲವದರಲ್ಲಿ ಬ್ಯಾಟರಿ ಉಳಿಸುವ ನಿದ್ದೆಯ ಸೆಟ್ಟಿಂಗನ್ನು ಹಾಗೇ ಬಿಟ್ಟಿರುತ್ತಾರೆ. ನೀರಿನ ಮೀಟರಿಗೆ ಸರಿಹೋಗುವ ಸೆಟ್ಟಿಂಗ್ ಅದು. ದಿನವಿಡೀ ಕರೆಂಟಿನ ಮೇಲೇ ಕೂತಿರುವ ಮೀಟರ್ ಏಕೆ ನಿದ್ದೆ ಮಾಡಬೇಕು?

ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಸುಟ್ಟು ಮತ್ತೆ ಚಾಲೂ ಆದಾಗ ಇನ್ನೊಂದು ಗೋಜಲು. ಅದರ ಕೆಳಗಿನ ಮೀಟರುಗಳೆಲ್ಲ ಒಂದೇ ಕ್ಷಣಕ್ಕೆ ಟವರಿನ ಬಾಗಿಲು ಬಡಿಯುತ್ತವೆ. ಒಂದೊಂದೂ ತನಗೆ ತೋಚಿದ ಬೇರೆಬೇರೆ ಅಂತರದಲ್ಲಿ ಕಾದು ಪ್ರಯತ್ನಿಸಬೇಕು. ಈ ಒಂದು ಸಾಲಿನ ಕೋಡ್ ಇಲ್ಲದ ಮೀಟರುಗಳಲ್ಲಿ ಕರೆಂಟ್ ಬಂದ ಎಷ್ಟೋ ಹೊತ್ತಿನ ಮೇಲೂ ಆಪ್ "ಪೂರೈಕೆ ಇಲ್ಲ" ಅಂತಲೇ ತೋರಿಸುತ್ತದೆ.

ಏನು ಬದಲಾಗಬೇಕು

ಮೊದಲನೆಯದು, ಬ್ಯಾಲೆನ್ಸಿನ ನೆಲೆ. ಪೂರ್ತಿ ದರಪಟ್ಟಿಯನ್ನು ಮೀಟರಿಗೇ ತುಂಬಿಸುವುದು ವ್ಯವಹಾರಕ್ಕೆ ಒಗ್ಗುವುದಿಲ್ಲ. ದರ ಬದಲಾಗುತ್ತದೆ, ಸರ್‌ಚಾರ್ಜ್ ಬರುತ್ತದೆ, ಗೃಹಜ್ಯೋತಿಯಲ್ಲಿ ಒಬ್ಬೊಬ್ಬರ ಹಿಂದಿನ ಸರಾಸರಿಗೆ ತಕ್ಕಂತೆ ಮಿತಿ ಬೇರೆ. ಹಾಗಂತ ಪೂರ್ತಿ ಸರ್ವರಿಗೇ ಬಿಟ್ಟರೆ ಸಂಪರ್ಕ ಹೋದ ದಿನ ಯಾರಿಗೂ ಏನೂ ಗೊತ್ತಿರುವುದಿಲ್ಲ. ನಡುವಿನ ದಾರಿಯೊಂದಿದೆ. ಸರ್ವರ್ ರೂಪಾಯಿಯನ್ನು ತನ್ನಲ್ಲೇ ಇಟ್ಟುಕೊಂಡು, "ಇನ್ನು 40 ಯೂನಿಟ್ ಕೊಡಬಹುದು" ಅಂತ ಮೀಟರಿಗೆ ದಿನಕ್ಕೊಮ್ಮೆ ಹೇಳಲಿ. ಮೀಟರ್ ಅದನ್ನು ಎಣಿಸುತ್ತಾ ಇಳಿಸಲಿ, ಪರದೆಯಲ್ಲಿ ತೋರಿಸಲಿ. ನೆಟ್‌ವರ್ಕ್ ಸತ್ತರೂ 40 ಯೂನಿಟ್‌ವರೆಗೆ ಮನೆ ನಡೆಯುತ್ತದೆ, ಕಂಪನಿಗೂ ನಷ್ಟವಿಲ್ಲ. ಸ್ಮಾರ್ಟ್ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದಲೇ ಓದಬೇಕು ಅಂತ 2023ರ ತಿದ್ದುಪಡಿ ಹೇಳುತ್ತದೆ; ಆ ಭೇಟಿಯಲ್ಲೇ ಈ ಮಾತನ್ನೂ ಹೇಳಿಬರಬಹುದು.

ಇದಕ್ಕೆ ಜೊತೆಯಾಗಿ ಒಂದು ಕಾವಲು ಬೇಕು: ಸರ್ವರ್ ಕಳಿಸಿದ "ಕಡಿ" ಆಜ್ಞೆಯನ್ನು ಮೀಟರ್ ಕಣ್ಣುಮುಚ್ಚಿ ಪಾಲಿಸಬಾರದು, ಸರ್ವರ್ ಕೂಡ ಒಂದೇ ಏಟಿಗೆ ಸಾವಿರಾರು ಮೀಟರಿಗೆ ಅಂಥ ಆಜ್ಞೆ ಕಳಿಸಲು ಬಿಡಬಾರದು. 2020ರ ಆಗಸ್ಟ್ 12ರಂದು, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ತಪ್ಪು ಆಜ್ಞೆಯಿಂದಾಗಿ ಒಂದು ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರುಗಳ ಕರೆಂಟ್ ಒಟ್ಟಿಗೆ ಹೋಗಿತ್ತು. ಕೈಯಲ್ಲಿ ಯೂನಿಟ್ ಉಳಿದಿರುವ ಮೀಟರ್ ಅಂಥ ಆಜ್ಞೆಯನ್ನು ನಿರಾಕರಿಸುವಂತಿದ್ದರೆ ಹಾಗಾಗುತ್ತಿರಲಿಲ್ಲ.

ಎರಡನೆಯದು ಸಿಮ್. ಮೀಟರಿನೊಳಗಿನ 13 ಅಂಕಿಯ ಯಂತ್ರ ಸಂಪರ್ಕದ ಸಿಮ್ ಒಂದೇ ಕಂಪನಿಗೆ ಕಟ್ಟುಬಿದ್ದರೆ ಆ ಕಂಪನಿಯ ಟವರ್ ಇಲ್ಲದ ಬೀದಿಯಲ್ಲಿ ಮೀಟರ್ ದಂಡ. ಎರಡು ಕಂಪನಿಯ ಪ್ರೊಫೈಲ್ ಇಟ್ಟುಕೊಂಡು, ಒಂದು ಹೋದರೆ ಇನ್ನೊಂದಕ್ಕೆ ಹಾರುವ ಇ-ಸಿಮ್ ಈಗ ಹೊಸ ಮಾತಲ್ಲ. ಸಂಪರ್ಕದ ಮಾಡ್ಯೂಲ್ ಬಿಚ್ಚಿ ಬದಲಿಸುವಂತಿರುವುದೂ ಅಷ್ಟೇ ಮುಖ್ಯ. ಮೀಟರ್ ಹತ್ತು ವರ್ಷ ಬಾಳುತ್ತದೆ, ಮೊಬೈಲ್ ತಂತ್ರಜ್ಞಾನ ಅಷ್ಟು ದಿನ ಕಾಯುವುದಿಲ್ಲ.

ಮೂರನೆಯದು, ನೆಟ್‌ವರ್ಕ್ ಇಲ್ಲದಾಗ ಅಡ್ಡದಾರಿ. ಹಳೆಯ ಕೀಪ್ಯಾಡ್ ಪ್ರಿಪೇಯ್ಡ್ ಮೀಟರಿನಲ್ಲಿ 20 ಅಂಕಿಯ ಟೋಕನ್ ಒತ್ತಿದರೆ ಸಾಕಾಗಿತ್ತು, ನೆಟ್‌ವರ್ಕಿನ ಹಂಗೇ ಇರಲಿಲ್ಲ. ಅದಕ್ಕೂ ತನ್ನದೇ ಕುಂದಿತ್ತು: 1993ರಿಂದ ನಿಮಿಷ ಎಣಿಸುತ್ತಿದ್ದ ಆ ಟೋಕನ್ ಲೆಕ್ಕ 2024ರ ನವೆಂಬರ್ 24ಕ್ಕೆ ಭರ್ತಿಯಾಯಿತು, ಅಷ್ಟರೊಳಗೆ ಮರುಹೊಂದಿಸದ ಮೀಟರುಗಳು ಹೊಸ ಟೋಕನ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಈಗಿನ ಮೀಟರಿನಲ್ಲಿ ಕಂಪನಿಯ ಡಿಜಿಟಲ್ ಸಹಿ ಇರುವ ರೀಚಾರ್ಜನ್ನು ಫೋನಿನ ಬ್ಲೂಟೂತ್ ಮೂಲಕ ಮುಟ್ಟಿಸುವ ಸೌಲಭ್ಯ ಕೊಡಬಹುದು. ಸದ್ಯಕ್ಕೆ ಇರುವ ಅಡ್ಡದಾರಿ ಮೀಟರಿನ ಮುಖದ ಮೇಲಿನ, ಬೆಳಕಿನ ಮೂಲಕ ಮಾತಾಡುವ ಆಪ್ಟಿಕಲ್ ಪೋರ್ಟ್, ಅದಕ್ಕೆ ಸಾಧನ ಹಿಡಿದ ಸಿಬ್ಬಂದಿ ಮನೆಗೇ ಬರಬೇಕು.

ಪರದೆಗೂ ಎರಡು ಸಾಲು ಸೇರಲಿ: ಸರ್ವರ್ ಜೊತೆ ಕೊನೆಯ ಸಲ ಮಾತಾಡಿದ ಸಮಯ, ಕಡಿದದ್ದಕ್ಕೆ ಕಾರಣ. ಲೋಡೋ, ಬ್ಯಾಲೆನ್ಸೋ, ಟಿಸಿಯೋ ಅಂತ ಮನೆಯವರಿಗೇ ತಿಳಿದರೆ ಪವರ್‌ಮ್ಯಾನ್ ಓಡಾಟವೂ ಉಳಿಯುತ್ತದೆ.

ಅಪಾರ್ಟ್‌ಮೆಂಟಿನ ಖಾಸಗಿ ಪ್ರಿಪೇಯ್ಡ್

ಬಿಲ್ಡರ್‌ಗಳು, ನಿವಾಸಿ ಸಂಘಗಳು ಹಾಕಿಸುವ, ಲೈನ್ ಕರೆಂಟಿಗೊಂದು, ಜನರೇಟರಿಗೊಂದು ಲೆಕ್ಕ ಇಡುವ ಮೀಟರ್ ಬೇರೆಯೇ ಜಾತಿ. ಇದಕ್ಕೆ ನಮ್ಮ ಅಂಕ ಇನ್ನೂ ಕಡಿಮೆ, 4. ಮೀಟರ್ ಕೆಟ್ಟದ್ದೆಂದಲ್ಲ, ಅಳವಡಿಸುವ ರೀತಿ ಕೆಟ್ಟದ್ದು. ಮೀಟರುಗಳ ಮಾಹಿತಿ ಒಯ್ಯುವ ಆರ್‌ಎಸ್-485 ತಂತಿಯನ್ನು ಒಂದು ಮೀಟರಿನಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆದು, ಎರಡು ತುದಿಯಲ್ಲಿ 120 ಓಮ್ ರೆಸಿಸ್ಟರ್ ಹಾಕಬೇಕು. ಮಾಮೂಲಿ ಚಿಪ್‌ಗಳಲ್ಲಿ ಒಂದು ಸರಪಳಿಗೆ 32 ಮೀಟರುಗಳು, ತಂತಿಯ ಉದ್ದಕ್ಕೆ 1200 ಮೀಟರ್ ಮಿತಿ. ಇವರು ಪ್ಯಾನೆಲ್ಲಿನಿಂದ ಪ್ರತಿ ಮಹಡಿಗೆ ಕವಲು ಒಡೆದು ಎಳೆಯುತ್ತಾರೆ, ಕವಲಿನ ತುದಿಯಲ್ಲಿ ಸಿಗ್ನಲ್ ಮಾರ್ದನಿಗೊಂಡು ಮೂರನೇ ಮಹಡಿಯ ಮನೆಗಳು ಆಗಾಗ ಕಾಣೆಯಾಗುತ್ತವೆ. ಬ್ಯಾಲೆನ್ಸ್ ಇರುವುದು ಸೆಕ್ಯುರಿಟಿ ಕೋಣೆಯ ಕಂಪ್ಯೂಟರಿನಲ್ಲಿ. ಅದರ ಹಾರ್ಡ್ ಡಿಸ್ಕ್ ಹೋದರೆ ಎಲ್ಲರ ಲೆಕ್ಕವೂ ಹೋಯಿತು. ಜನರೇಟರ್ ಓಡುತ್ತಿದೆ ಅಂತ ಮೀಟರಿಗೆ ತಿಳಿಸುವ ಸೆನ್ಸ್ ವೈರನ್ನು ತಪ್ಪಾಗಿ ಕೊಟ್ಟಿದ್ದರೆ ಲೈನ್ ಕರೆಂಟಿಗೂ ಡೀಸೆಲ್ ದರ ಬೀಳುತ್ತದೆ. ಪರೀಕ್ಷೆ ಸರಳ: ಜನರೇಟರ್ ನಿಂತಿರುವಾಗ ಎರಡೂ ರೀಡಿಂಗ್ ಬರೆದುಕೊಂಡು, ಒಂದು ಗಂಟೆ ಗೀಸರ್ ಹಾಕಿ, ಯಾವುದು ಏರಿತು ನೋಡಿ.

ದೂರು ಕೊಡುವಾಗ

1912ಕ್ಕೆ ಕರೆ ಮಾಡಿದಾಗ "ಕರೆಂಟ್ ಇಲ್ಲ" ಅಂತಷ್ಟೇ ಹೇಳಿದರೆ ಅದು ಫ್ಯೂಸ್ ಹೋದ ದೂರುಗಳ ಸಾಲಿಗೆ ಸೇರುತ್ತದೆ. ಆರ್‌ಆರ್ ನಂಬರ್, ಮೀಟರಿನ ಸೀರಿಯಲ್ ನಂಬರ್, ರೀಚಾರ್ಜಿನ ವಹಿವಾಟು ಸಂಖ್ಯೆ ಮತ್ತು ಸಮಯ, ಪರದೆ ಉರಿಯುತ್ತಿದೆಯೇ ಇಲ್ಲವೇ, ಇಷ್ಟನ್ನೂ ಹೇಳಿ. ಪರದೆ ಉರಿಯುತ್ತಿದ್ದು ಮನೆಗೆ ಕರೆಂಟ್ ಇಲ್ಲದಿದ್ದರೆ ಮೊದಲು ಮನೆಯ ಮೇನ್ ನೋಡಿ, ಅದು ಸರಿಯಿದ್ದರೆ ರಿಲೇ ಬಿದ್ದಿದೆ ಎಂದರ್ಥ. ಪರದೆಯೇ ಆರಿದ್ದರೆ ಸರ್ವಿಸ್ ವೈರ್ ಅಥವಾ ಟಿಸಿ ಕಡೆ ನೋಡಬೇಕು, ರೀಚಾರ್ಜಿಗೂ ಅದಕ್ಕೂ ಸಂಬಂಧವಿಲ್ಲ. ಟರ್ಮಿನಲ್ ಬಳಿ ಸುಟ್ಟ ವಾಸನೆ ಬಂದರೆ ಸ್ಕ್ರೂ ಸಡಿಲವಾಗಿದೆ. ಕೂಡಲೇ ಗೀಸರ್, ಮೋಟಾರ್ ಆರಿಸಿ ತಿಳಿಸಿ. ಸೀಲ್ ಮಾತ್ರ ಮುಟ್ಟಬೇಡಿ, ವಿದ್ಯುತ್ ಕಳ್ಳತನದ ಕಲಮು ಮೈಮೇಲೆ ಬರುತ್ತದೆ.

ರೀಡಿಂಗ್ ಮೇಲೆಯೇ ಅನುಮಾನವಿದ್ದರೆ, ಮೇಲೆ ಹೇಳಿದ ನ್ಯೂಟ್ರಲ್ ಪರೀಕ್ಷೆ ಮುಗಿಸಿಕೊಂಡು ಉಪವಿಭಾಗದ ಕಚೇರಿಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅದೇ ಗ್ರಾಹಕ ಹಕ್ಕುಗಳ ನಿಯಮಗಳ 2024ರ ಫೆಬ್ರವರಿಯ ತಿದ್ದುಪಡಿಯಂತೆ ದೂರು ತಲುಪಿದ 5 ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ಎರಡನ್ನೂ ಹೋಲಿಸಬೇಕು. ಹೊಸ ಮೀಟರ್ ಕೂರಿಸುವ ದಿನ ಎರಡರ ರೀಡಿಂಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರಿಪೇಯ್ಡ್‌ಗೆ ಬದಲಾಗಿದ್ದೂ ಹಳೆಯ ಠೇವಣಿ ಇನ್ನೂ ಖಾತೆಯಲ್ಲಿ ಕೂತಿದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಕೇಳಿ: 2003ರ ವಿದ್ಯುತ್ ಕಾಯ್ದೆಯ 47(5)ನೇ ಕಲಮಿನಂತೆ, ಪ್ರಿಪೇಮೆಂಟ್ ಮೀಟರಿನ ಮೂಲಕ ಕರೆಂಟ್ ಪಡೆಯಲು ಒಪ್ಪಿದ ಗ್ರಾಹಕರಿಂದ ಠೇವಣಿ ಕೇಳುವ ಹಾಗಿಲ್ಲ.